5 ಎಚ್‌ಪಿ ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ?

ಕರ್ನಾಟಕದ ಐಪಿ ಸೆಟ್‌ಗಳು, ಅಂದರೆ ನೀರಾವರಿ ಪಂಪ್‌ಸೆಟ್‌ಗಳು, ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತವೆ? ರೈತರ ಲೆಕ್ಕ ಒಂದು, ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳ ಲೆಕ್ಕ ಇನ್ನೊಂದು. ಸಬ್ಸಿಡಿ ಮಾತು ಬಂದಾಗಲೆಲ್ಲ ಈ ಜಗಳ ಏಳುತ್ತದೆ. ಬೇಕಾದ ಗಣಿತ ಮಾತ್ರ ಹೈಸ್ಕೂಲಿನದು.

ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್ ಎಂದು 1827ರಲ್ಲಿ ಓಮ್ ಹೇಳಿದ. ಕರೆಂಟ್ ಎರಡರಷ್ಟಾದರೆ ತಂತಿಯ ಬಿಸಿ ನಾಲ್ಕರಷ್ಟು ಎಂದು 1841ರಲ್ಲಿ ಜೌಲ್ ತೋರಿಸಿದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೆಜಿಎಫ್‌ ಗಣಿಗೆ ಹೋದದ್ದೂ ಇದೇ ಲೆಕ್ಕದಲ್ಲಿ: ವೋಲ್ಟೇಜ್ ಏರಿಸು, ಕರೆಂಟ್ ಇಳಿಸು, ದಾರಿಯ ನಷ್ಟ ತಗ್ಗಿಸು.

ಗೊಂದಲ ಶುರುವಾದದ್ದು 1980ರ ದಶಕದಲ್ಲಿ. ಪಂಪ್‌ಸೆಟ್‌ಗಳ ಮೀಟರ್ ಓದುವುದು ಬಿಟ್ಟು, ಎಚ್‌ಪಿಗೆ ಇಷ್ಟು ಅಂತ ದರ ಕಟ್ಟಿದರು. ಹಳ್ಳಿ ಹಳ್ಳಿ ಸುತ್ತುವ ಕೆಲಸ ತಪ್ಪಿತು. ಅಲ್ಲಿಂದಾಚೆಗೆ ಮೋಟರಿನ ಪ್ಲೇಟಿನ ಮೇಲೆ ಬರೆದ ಎಚ್‌ಪಿ ಅಂಕಿಯೇ ಮೀಟರ್ ಆಯಿತು. 2003ರ ವಿದ್ಯುತ್ ಕಾಯ್ದೆ ಎಲ್ಲರಿಗೂ ಮೀಟರ್ ಬೇಕು ಎಂದಿತು. 2008ರಲ್ಲಿ 10 ಎಚ್‌ಪಿವರೆಗೆ ಉಚಿತ ಎಂದಾಯಿತು. ಬಿಲ್ಲೇ ಇಲ್ಲದ ಮೇಲೆ ಮೀಟರ್ ಯಾರಿಗೆ ಬೇಕು, ಅಲ್ವಾ?

ಆದರೆ ಮೋಟರಿಗೆ ಪ್ಲೇಟ್ ಓದಲು ಬರುವುದಿಲ್ಲ. 5 ಎಚ್‌ಪಿ ಅಂದರೆ 3,730 ವಾಟ್. ಇದು ಮೋಟರ್ ಕೊಡುವ ಕೆಲಸ, ಎಳೆಯುವ ವಿದ್ಯುತ್ತಲ್ಲ. ನೂರಕ್ಕೆ 80 ದಕ್ಷತೆ ಹಿಡಿದರೆ ಸುಮಾರು 4,660 ವಾಟ್ ಒಳಗೆ ಹೋಗಬೇಕು. ಮೂರು ಫೇಸ್‌ನಲ್ಲಿ ವಾಟ್ ತಿಳಿಯಲು ವೋಲ್ಟ್, ಆಂಪ್ ಗುಣಿಸಿ, 1.73ರಿಂದ ಗುಣಿಸಿ, ಮತ್ತೆ ಪವರ್ ಫ್ಯಾಕ್ಟರ್‌ನಿಂದ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಗುಣಿಸಬೇಕು. ಪವರ್ ಫ್ಯಾಕ್ಟರ್ 0.8 ಇದ್ದು 415 ವೋಲ್ಟ್ ಬಂದರೆ ಸುಮಾರು 8 ಆಂಪ್.

ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರದ ಕೊನೆಯ ಹೊಲಕ್ಕೆ 320 ವೋಲ್ಟ್ ಬಂತು ಎಂದುಕೊಳ್ಳಿ. ಎತ್ತುವ ನೀರು ಅಷ್ಟೇ, ಹಾಗಾಗಿ ಕರೆಂಟ್ ಹತ್ತೂವರೆ ಆಂಪ್‌ಗೆ ಏರುತ್ತದೆ. ಜೌಲ್ ಲೆಕ್ಕದಲ್ಲಿ ಮೋಟರಿನೊಳಗಿನ ಕಾಯಿಲಿನ ಬಿಸಿ ಸುಮಾರು 1.7 ಪಟ್ಟು. ಲೈನಿನ ತಂತಿಯಲ್ಲೂ ನಷ್ಟ ಅಷ್ಟೇ ಜಾಸ್ತಿ, ಅದರಿಂದ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಕಾಯಿಲ್ ಸುಟ್ಟಾಗ ಎಲ್ಲರೂ ‘ಹೈ ವೋಲ್ಟೇಜ್ ಬಂತು’ ಅನ್ನುತ್ತಾರೆ. ಎಷ್ಟೋ ಸಲ ಸುಟ್ಟದ್ದು ಲೋ ವೋಲ್ಟೇಜಿಗೆ.

ಇಲ್ಲಿ ಓಮ್ ಸೂತ್ರ ಒಂದನ್ನೇ ನಂಬಿದವರೂ ಎಡವುತ್ತಾರೆ. ಮೋಟರಿನ ಎರಡು ತಂತಿಗೆ ಮಲ್ಟಿಮೀಟರ್ ಹಿಡಿದಾಗ 3 ಓಮ್ ತೋರಿಸಿತು ಎನ್ನಿ. 415ನ್ನು 3ರಿಂದ ಭಾಗಿಸಿದರೆ 138 ಆಂಪ್! ಸುತ್ತುವ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಅದಕ್ಕೇ ಬರುವುದು 8. ಹೀಟರಿಗೆ ಸರಿಹೋಗುವ ಭಾಗಾಕಾರ ಮೋಟರಿಗೆ ಹೋಗುವುದಿಲ್ಲ.

ಈಗ ಎಷ್ಟೋ ಕಡೆ ಕೃಷಿ ಫೀಡರ್‌ಗಳು (ಸಬ್‌ಸ್ಟೇಷನ್‌ನಿಂದ ಹೊಲಗಳ ಕಡೆಗೆ ಹೋಗುವ ಲೈನ್‌ಗಳು) ಬೇರೆಯಾಗಿವೆ, ಫೀಡರಿಗೆ ಮೀಟರ್ ಇದೆ. ಅದು ಒಟ್ಟು ಹೇಳುತ್ತದೆ. ಆ ಒಟ್ಟಿನಲ್ಲಿ ನೀರಿಗೆ ಎಷ್ಟು, ತಂತಿಯ ಬಿಸಿಗೆ ಎಷ್ಟು ಎನ್ನುವುದು ಅಂದಾಜೇ. ಒಂದೊಂದು ಟಿಸಿ ಬುಡದಲ್ಲಿ ನಿಂತು ವೋಲ್ಟ್, ಆಂಪ್ ಬರೆದುಕೊಂಡಿದ್ದರೆ ಜಗಳ ಅರ್ಧ ಮುಗಿಯುತ್ತಿತ್ತು ಎಂದು ನನಗನಿಸುತ್ತದೆ.

ಆ ಅಂಕಿಗಳನ್ನು ದಿನಾ ನೋಡುವವರು ಸುಟ್ಟ ಕಾಯಿಲನ್ನು ಹೊಸದಾಗಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಯವರು. ಕ್ಲ್ಯಾಂಪ್ ಮೀಟರ್ ಹಾಕಿ, ಒಂದು ಫೇಸ್‌ನಲ್ಲಿ 11, ಇನ್ನೊಂದರಲ್ಲಿ 7 ಅಂತ ಓದುತ್ತಾರೆ. ಆಮೇಲೆ ಮೋಟರ್ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: 5 ಎಚ್‌ಪಿ.