ಗೊತ್ತಿದ್ದೂ ಬೆಚ್ಚಿಬೀಳುವುದು ಯಾಕೆ?

ಜಾನ್ ಕಾರ್ಪೆಂಟರ್ ನಿರ್ದೇಶನದ ‘ಹ್ಯಾಲೋವೀನ್’ ಅಮೆರಿಕದಲ್ಲಿ ತೆರೆಕಂಡಿದ್ದು 1978ರ ಅಕ್ಟೋಬರ್‌ನಲ್ಲಿ. ಮುಖವಾಡ ತೊಟ್ಟ ಒಬ್ಬ ಕೊಲೆಗಾರ, ಪಕ್ಕದ ಮನೆ ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿಯರು, ಒಂದು ರಾತ್ರಿ. ಕಥೆ ಹೆಚ್ಚುಕಡಿಮೆ ಇಷ್ಟೇ. ಖರ್ಚು ಸುಮಾರು 3 ಲಕ್ಷ ಡಾಲರ್, ಗಳಿಕೆ ಸುಮಾರು 7 ಕೋಟಿ ಡಾಲರ್. ಆಮೇಲೆ ಇದೇ ಅಚ್ಚಿನ ಚಿತ್ರಗಳು ಸಾಲುಗಟ್ಟಿ ಬಂದವು. ರಕ್ತ ಜಾಸ್ತಿಯಾಯಿತು, ಹೆಣಗಳ ಲೆಕ್ಕ ಏರಿತು. ಆದರೂ ಜನ ತಿರುಗಿ ತಿರುಗಿ ಇದನ್ನೇ ನೋಡುತ್ತಾರೆ. ಕೊಲೆಗಾರ ಎಲ್ಲಿ ನಿಂತಿದ್ದಾನೆ ಅಂತ ಬಾಯಿಪಾಠ ಆದವರೂ ನೋಡುತ್ತಾರೆ, ಮತ್ತೆ ಬೆಚ್ಚಿಬೀಳುತ್ತಾರೆ.

ಮುಂದೇನು ಅಂತ ಗೊತ್ತಿದ್ದರೂ ಬೆಚ್ಚುವುದರಲ್ಲಿ ವಿಚಿತ್ರವೇನೂ ಇಲ್ಲ. ಬೆಚ್ಚುವ ಕೆಲಸ ನಡೆಯುವುದು ಮಿದುಳಿನ ತಳದಲ್ಲಿ, ಮಿದುಳುಕಾಂಡದಲ್ಲಿ. ದಿಢೀರ್ ಅಂತ ದೊಡ್ಡ ಸದ್ದು ಕಿವಿಗೆ ಬಿದ್ದರೆ ಸಂದೇಶ ಅಲ್ಲಿಂದಲೇ ಸೀದಾ ಸ್ನಾಯುಗಳಿಗೆ ಹೋಗುತ್ತದೆ. ಸುಮಾರು 50 ಮಿಲಿಸೆಕೆಂಡಿನೊಳಗೆ ಕಣ್ಣು ಮುಚ್ಚಿರುತ್ತದೆ. ‘ಇದು ಬರೀ ಸಿನಿಮಾ’ ಅಂತ ಯೋಚಿಸುವ ಭಾಗಕ್ಕೆ ಸುದ್ದಿ ಮುಟ್ಟುವಷ್ಟರಲ್ಲಿ ನೀವು ಕುರ್ಚಿಯಿಂದ ಎಗರಿ ಆಗಿದೆ. ಇದರ ಮೇಲೆ ಅಮಿಗ್ಡಲ ಎಂಬ ಪುಟ್ಟ ಭಾಗದ ಹಿಡಿತವಿದೆ. ಅದು ಮೊದಲೇ ಹೆದರಿದ್ದರೆ ಬೆಚ್ಚುವಿಕೆ ಇನ್ನೂ ಜೋರು. ಕತ್ತಲಿದ್ದರೂ ಹಾಗೆಯೇ. ಕತ್ತಲಲ್ಲಿ ಮನುಷ್ಯರು ಹೆಚ್ಚು ಬೆಚ್ಚುತ್ತಾರೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಆದರೆ ಬರೀ ‘ಢಂ’ ಅನ್ನಿಸಿ ಹೆದರಿಸುವುದು ಯಾರಿಗೂ ಬರುತ್ತದೆ. ಕಾರ್ಪೆಂಟರ್ ಕೈಚಳಕ ಇರುವುದು ಕಾಯಿಸುವುದರಲ್ಲಿ. ಈ ಚಿತ್ರದಲ್ಲಿ ರಕ್ತ ಕಾಣುವುದೇ ಅಪರೂಪ. ಕೊಲೆಗಾರ ಬಹುಪಾಲು ಸಮಯ ಸುಮ್ನೆ ನಿಂತಿರುತ್ತಾನೆ, ಬೇಲಿಯ ಪಕ್ಕ, ಒಣಹಾಕಿದ ಬಟ್ಟೆಗಳ ನಡುವೆ. ಮತ್ತೆ ನೋಡಿದರೆ ಇಲ್ಲ. ಛಾಯಾಗ್ರಾಹಕ ಡೀನ್ ಕಂಡಿ ಅಗಲ ಪರದೆಯ ಒಂದು ಮೂಲೆಯನ್ನು ಬೇಕಂತಲೇ ಕತ್ತಲಿಗೆ ಬಿಟ್ಟುಕೊಡುತ್ತಾರೆ. ಹುಡುಗಿ ಫೋನಿನಲ್ಲಿ ಮಾತಾಡುತ್ತಿದ್ದರೂ ನಮ್ಮ ಕಣ್ಣು ಆ ಮೂಲೆಯನ್ನೇ ತಡಕುತ್ತಿರುತ್ತದೆ.

ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರು ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಹಾರರ್ ಚಿತ್ರ ತೋರಿಸಿದರು. ಆ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಆತಂಕ ನಿಧಾನವಾಗಿ ಏರುತ್ತಿದ್ದಾಗ ನೋಡುವ ಮತ್ತು ಕೇಳುವ ಭಾಗಗಳು ಚುರುಕಾಗುತ್ತಿದ್ದವು. ಆಘಾತ ಎರಗಿದ ಕ್ಷಣದಲ್ಲಿ ಕೆಲಸಕ್ಕಿಳಿದದ್ದು ಬೇರೆ ಭಾಗಗಳು, ಭಾವನೆಯವು, ಅಪಾಯ ತೂಗಿ ನಿರ್ಧಾರ ಮಾಡುವಂಥವು. ಅಂದರೆ ಕಾಯುವ ಭಯಕ್ಕೂ ಎರಗುವ ಭಯಕ್ಕೂ ಮಿದುಳಿನಲ್ಲಿ ದಾರಿ ಬೇರೆ. ನಂತರ ಬಂದ ನಕಲು ಚಿತ್ರಗಳು ಎರಡನೆಯದನ್ನೇ ಹಿಡಿದುಕೊಂಡವು. ಮೊದಲನೆಯದಕ್ಕೆ ತಾಳ್ಮೆ ಬೇಕು, ಅಲ್ವಾ?

ಇನ್ನು ಸಂಗೀತ. ಹಣ ಕಡಿಮೆ ಇದ್ದುದರಿಂದ ಕಾರ್ಪೆಂಟರ್ ತಾವೇ ಮಾಡಿದರು. ಹಿನ್ನೆಲೆ ಸಂಗೀತವಿಲ್ಲದ ಪ್ರತಿಯನ್ನು ಸ್ಟುಡಿಯೊ ಅಧಿಕಾರಿಯೊಬ್ಬರಿಗೆ ತೋರಿಸಿದಾಗ ಆಕೆಗೆ ಒಂದಿಷ್ಟೂ ಭಯವಾಗಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಸೇರಿದ್ದು ಪಿಯಾನೊದ ಆ ಪ್ರಸಿದ್ಧ ತುಣುಕು. ಅದು ಐದು ಮಾತ್ರೆಯ ಲಯ, ಚಿಕ್ಕಂದಿನಲ್ಲಿ ಅಪ್ಪ ಬೊಂಗೊ ಬಾರಿಸಿ ಕಲಿಸಿಕೊಟ್ಟಿದ್ದು. ಪಾಶ್ಚಾತ್ಯ ಜನಪ್ರಿಯ ಸಂಗೀತದ ನಾಲ್ಕು ಮಾತ್ರೆಗೆ ಒಗ್ಗಿದ ಕಿವಿಗೆ ಇದು ಪ್ರತಿ ಸುತ್ತಿನಲ್ಲೂ ಕೊಂಚ ತಪ್ಪಿದ ಹಾಗೆ ಕೇಳಿಸುತ್ತದೆ. ಮಿದುಳು ಮುಂದಿನ ಪೆಟ್ಟನ್ನು ಊಹಿಸಿಕೊಂಡು ಕೂತಿರುತ್ತದೆ, ಅದು ಊಹಿಸಿದಲ್ಲಿ ಬೀಳುವುದಿಲ್ಲ. ಆ ತುಣುಕು ನೆಮ್ಮದಿಯಾಗಿ ಕೂರಲು ಬಿಡದಿರುವುದಕ್ಕೆ ಇದೇ ಕಾರಣ ಅನ್ನಿಸುತ್ತದೆ ನನಗೆ.

ನಡುವೆ ಒಮ್ಮೊಮ್ಮೆ ಚುಚ್ಚುವ ಕರ್ಕಶ ಸ್ವರಗಳ ಲೆಕ್ಕ ಬೇರೆ. ಡೇನಿಯಲ್ ಬ್ಲೂಮ್‌ಸ್ಟೀನ್ ಎಂಬ ಜೀವವಿಜ್ಞಾನಿ ಮಾರ್ಮಾಟ್ ಎಂಬ ದೊಡ್ಡ ಬೆಟ್ಟದ ಅಳಿಲುಗಳನ್ನು ಅಧ್ಯಯನ ಮಾಡುವವರು. ಹಿಡಿದಾಗ ಅವುಗಳ ಮರಿಗಳು ಒಡಕು ದನಿಯಲ್ಲಿ ಕಿರುಚುತ್ತವೆ. ಗಂಟಲು ತನ್ನ ಮಿತಿ ದಾಟಿದಾಗ ಹೊರಡುವ ಸದ್ದು ಅದು. 2010ರಲ್ಲಿ ಅವರ ತಂಡ ನೂರಕ್ಕೂ ಹೆಚ್ಚು ಸಿನಿಮಾಗಳ ಧ್ವನಿಯನ್ನು ಪರೀಕ್ಷಿಸಿ, ಹಾರರ್ ಚಿತ್ರಗಳಲ್ಲಿ ಇಂಥ ಒಡಕು ಸದ್ದು ಜಾಸ್ತಿ ಎಂದು ತೋರಿಸಿತು. ಸಂಗೀತಗಾರರು ಶಾಸ್ತ್ರ ಓದದೆಯೇ ಪ್ರಾಣಿಗಳ ಆರ್ತನಾದವನ್ನು ಕಂಡುಕೊಂಡಿದ್ದರು.

ಇಷ್ಟೆಲ್ಲ ಇದ್ದರೂ ಚಿತ್ರವನ್ನು ಉಳಿಸಿರುವುದು ಆ ಮುಖವಾಡವೇ ಎನ್ನುವುದು ನನ್ನ ಅಭಿಪ್ರಾಯ. ಎರಡು ಡಾಲರೂ ಬೆಲೆಬಾಳದ ರಬ್ಬರ್ ಮುಖವಾಡ ಅದು, ‘ಸ್ಟಾರ್ ಟ್ರೆಕ್’ ಟೀವಿ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನದು. ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ಅಗಲ ಮಾಡಿ, ಕೂದಲು ಕೆದರಿದರು. ಆಗ ಅದು ಯಾರ ಮುಖವೂ ಅಲ್ಲದ ಮುಖವಾಯಿತು. ಕೊಂಬಿಲ್ಲ, ಕೋರೆಹಲ್ಲಿಲ್ಲ, ಸಿಟ್ಟು ಕೂಡ ಇಲ್ಲ. ಎದುರಿಗಿರುವವರ ಮುಖದಿಂದ ಉದ್ದೇಶ ಓದುವುದು ಮನುಷ್ಯರು ಎಳೆತನದಲ್ಲೇ ಕಲಿಯುವ ವಿದ್ಯೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಮಾಡಿದ ಪ್ರಯೋಗ ನೆನಪಿಸಿಕೊಳ್ಳಿ. ತಾಯಿ ಮಗುವಿನ ಮುಂದೆ ಕೂತು ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳುತ್ತಾಳೆ. ಬೈಯುವುದಿಲ್ಲ, ಮುಟ್ಟುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಮಗು ಕಂಗಾಲಾಗುತ್ತದೆ. ಕೋಪಗೊಂಡ ಮುಖಕ್ಕೆ ಏನಾದರೂ ಉತ್ತರ ಕೊಡಬಹುದು. ಖಾಲಿ ಮುಖಕ್ಕೆ ಏನು ಕೊಡುವುದು?

ಇಷ್ಟು ಹಿಂಸೆಯನ್ನು ದುಡ್ಡು ಕೊಟ್ಟು ಯಾಕೆ ಅನುಭವಿಸುತ್ತಾರೆ ಎನ್ನುವುದಕ್ಕೆ ಡೆನ್ಮಾರ್ಕಿನಿಂದ ಒಂದು ಉತ್ತರವಿದೆ. ಅಲ್ಲಿನ ವೈಲೆ ಪಟ್ಟಣದ ಬಳಿಯ ‘ಭೂತದ ಮನೆ’ ಪ್ರದರ್ಶನಕ್ಕೆ ಬಂದ 110 ಜನರ ಹೃದಯಬಡಿತವನ್ನು ಸಂಶೋಧಕರು ಅಳೆದರು. ಭಯ ತೀರಾ ಕಡಿಮೆಯಾದವರಿಗೂ ತೀರಾ ಜಾಸ್ತಿಯಾದವರಿಗೂ ಮಜಾ ಬರಲಿಲ್ಲ. ನಡುವೆ ಇದ್ದವರೇ ಹೆಚ್ಚು ಖುಷಿಪಟ್ಟರು. ರಕ್ತ ಕಡಿಮೆ, ಕಾಯುವಿಕೆ ಹೆಚ್ಚು ಇರುವ ಈ ಹಳೆಯ ಚಿತ್ರ ಬಹಳ ಜನರಿಗೆ ಆ ನಡುವಿನ ಜಾಗದಲ್ಲೇ ಸಿಗುತ್ತದೆ.

ಮೊದಲ ಚಿತ್ರದಲ್ಲಿ ಕೊಲೆಗಾರ ನಾಯಕಿ ಲೋರಿಯ ಬೆನ್ನು ಹತ್ತಲು ಕಾರಣವೇ ಇಲ್ಲ. ಮನೆ ಮಾರುವ ಕೆಲಸದ ಅಪ್ಪ ಹೇಳಿದ್ದಕ್ಕೆ ಅವಳು ಒಂದು ಪಾಳುಮನೆಯ ಬಾಗಿಲಲ್ಲಿ ಬೀಗದಕೈ ಇಟ್ಟು ಬರುತ್ತಾಳೆ, ಒಳಗೆ ಅವನಿರುತ್ತಾನೆ. ಅಷ್ಟೇ. ಯಾರಿಗೆ, ಯಾವಾಗ ಎಂದು ಗೊತ್ತಾಗದ ಅಪಾಯವೇ ಮನಸ್ಸನ್ನು ಜಾಸ್ತಿ ಹೊತ್ತು ಕಾಡುವುದು. ಆದರೆ 1981ರ ಎರಡನೇ ಭಾಗದಲ್ಲಿ ಅವಳು ಅವನ ತಂಗಿ ಎಂದುಬಿಟ್ಟರು, ಅದನ್ನು ಬರೆದವರಲ್ಲಿ ಕಾರ್ಪೆಂಟರ್ ಕೂಡ ಒಬ್ಬರು. ಕಾರಣ ಸಿಕ್ಕಿತು, ಪ್ರೇಕ್ಷಕರು ನಿರಾಳರಾದರು, ಯಾಕೆಂದರೆ ಅವರ್ಯಾರೂ ಅವನ ತಂಗಿಯರಲ್ಲವಲ್ಲ! 2018ರಲ್ಲಿ ಬಂದ ಹೊಸ ಚಿತ್ರ ಈ ಅಣ್ಣ-ತಂಗಿ ನಂಟನ್ನೇ ಕಿತ್ತುಹಾಕಿತು. ಅದರಲ್ಲಿ ಲೋರಿಯ ಮೊಮ್ಮಗಳು, ಅದೆಲ್ಲ ಜನ ಕಟ್ಟಿದ ಕಥೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾಳೆ.