ಸ್ಟಾಪ್ ಕೇಬಲ್ ಬಿಗಿಯಾದರೆ ತೊಂದರೆ ಸ್ಟಾರ್ಟ್ ಮಾಡುವಾಗ

ಹಾಯಿದೋಣಿಗಳ ಡೀಸೆಲ್ ಎಂಜಿನ್ ರಿಪೇರಿ ನನ್ನ ಕೆಲಸ. ಗೋವಾದಲ್ಲಿ ಮಳೆಗಾಲ ಮುಗಿದು, ಟಾರ್ಪಾಲು ಹೊದ್ದು ನಿಂತಿದ್ದ ದೋಣಿಗಳು ಮತ್ತೆ ಹೊರಡುವ ಹೊತ್ತಿಗೆ ಒಂದು ಮಾತು ಕೇಳಿಯೇ ಕೇಳುತ್ತೇನೆ. "ಎಂಜಿನ್ ನಿಲ್ಲಿಸೋ ಸ್ಟಾಪ್ ನಾಬ್ ತುಂಬಾ ಬಿಗಿ, ಆದರೆ ಜೋರಾಗಿ ಎಳೆದರೆ ನಿಲ್ಲುತ್ತೆ. ಆಮೇಲೆ ನೋಡೋಣ ಅಲ್ವಾ ಸರ್?"

ಆಮೇಲೆ ಬೇಡ, ಈಗಲೇ ನೋಡಿ.

ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಿಲ್ಲ, ಹಾಗಾಗಿ ಕೀ ತಿರುಗಿಸಿದರೆ ಎಷ್ಟೋ ಹಳೆಯ ಎಂಜಿನ್‌ಗಳು ನಿಲ್ಲುವುದಿಲ್ಲ. ಡೀಸೆಲ್ ಹೋಗುವುದನ್ನೇ ತಡೆಯಬೇಕು. ಯಾನ್ಮಾರ್ ಕಂಪನಿಯ 1ಜಿಎಂ10, 2ಜಿಎಂ20 ಥರದ ಎಂಜಿನ್‌ಗಳಲ್ಲಿ ಆ ಕೆಲಸ ಮಾಡುವುದು ಎಂಜಿನ್ ಪಕ್ಕದ ಒಂದು ಸಣ್ಣ ಲಿವರ್, ಅದನ್ನು ಎಳೆಯುವುದು ನಾಬ್‌ನಿಂದ ಬರುವ ಈ ಸ್ಟಾಪ್ ಕೇಬಲ್. ಎಳೆಯುವುದಕ್ಕೆ ನಿಮ್ಮ ಕೈಬಲ ಇದೆ. ವಾಪಸ್ ಹೋಗುವುದೇ ಕಷ್ಟ. ಕೇಬಲ್ ಬಿಗಿಯಾಗಿದ್ದರೆ ನಾಬ್ ಅರ್ಧಕ್ಕೇ ನಿಲ್ಲುತ್ತದೆ, ಲಿವರ್ ಕೂಡ ಅರ್ಧ ಸ್ಟಾಪ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಮರುದಿನ ಸೆಲ್ಫ್ ಹೊಡೆಯುತ್ತೀರಿ, ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಮೇಲೆ ಅನುಮಾನ, ಫಿಲ್ಟರ್ ಮೇಲೆ ಅನುಮಾನ, ಮತ್ತೆ ಮತ್ತೆ ಸೆಲ್ಫ್. ಪ್ರತಿ ಸಲವೂ ಎಂಜಿನ್ ತಂಪಾಗಿಸುವ ಉಪ್ಪುನೀರಿನ ಪಂಪ್ ತಿರುಗಿ ಎಕ್ಸಾಸ್ಟ್‌ಗೆ ನೀರು ತಳ್ಳುತ್ತಿರುತ್ತದೆ, ಆದರೆ ಅದನ್ನು ಹೊರಗೆ ಊದಲು ಹೊಗೆಯೇ ಇಲ್ಲ. ಸೈಲೆನ್ಸರ್ ಡಬ್ಬಿ ತುಂಬಿ, ನೀರು ಹಿಂದಕ್ಕೆ ಏರಿ ಸಿಲಿಂಡರ್ ಸೇರುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಲೂಬಹುದು. ಒಂದು ಕೇಬಲ್ ಸಲುವಾಗಿ ಎಂಜಿನ್ನೇ ಬಿಚ್ಚಬೇಕಾದ ಪರಿಸ್ಥಿತಿ.

ಆದ್ದರಿಂದ ಸ್ಟಾರ್ಟ್ ಆಗದಿದ್ದರೆ ಮೊದಲು ನಾಬ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಆಮೇಲೂ ಸೆಲ್ಫ್ ಹೊಡೆಯಬೇಕಾದರೆ ಸಮುದ್ರದ ನೀರು ಬರುವ ವಾಲ್ವ್ ಮುಚ್ಚಿ ಹೊಡೆಯಿರಿ. ಎಂಜಿನ್ ಹಿಡಿದ ತಕ್ಷಣ ತೆರೆಯಿರಿ, ಇಲ್ಲದಿದ್ದರೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಒಣಗಿ ಸುಟ್ಟುಹೋಗುತ್ತದೆ.

ಇನ್ನು ರಿಪೇರಿ. ಎಂಜಿನ್ ಕಡೆಯ ತುದಿ ಬಿಚ್ಚಿ ಲಿವರನ್ನು ಬೆರಳಿನಿಂದ ಆಡಿಸಿ ನೋಡಿ. ಅದೇ ಬಿಗಿ ಇದ್ದರೆ ಕೇಬಲ್‌ಗೆ ಬೈಯುವುದು ಸುಮ್ನೆ. ಲಿವರ್ ಸಲೀಸಾಗಿ ಆಡಿ, ನಾಬ್ ಮಾತ್ರ ಬಿಗಿ ಇದ್ದರೆ ಕೇಬಲ್ ಹಾದುಹೋಗುವ ದಾರಿಯನ್ನು ಪೂರ್ತಿ ನೋಡಿ. ಎಷ್ಟೋ ಸಲ ಯಾರೋ ಹೊಸ ಬ್ಯಾಟರಿ ಕೂರಿಸುವಾಗ ಅದನ್ನು ಮೂಲೆಗೆ ಒತ್ತಿ ಮಡಿಸಿರುತ್ತಾರೆ, ನೇರ ಮಾಡಿದರೆ ಅಷ್ಟಕ್ಕೇ ಸರಿಹೋಗುತ್ತದೆ. ಅದೂ ಅಲ್ಲವೆಂದರೆ ಕೇಬಲ್‌ನ ಮೇಲಿನ ತುದಿಗೆ ಪ್ಲಾಸ್ಟಿಕ್ ಚೀಲವನ್ನು ಟೇಪಿನಿಂದ ಬಿಗಿದು, ಅದರೊಳಗೆ ತೆಳು ಎಣ್ಣೆ ಹಾಕಿ, ಎಣ್ಣೆ ಕೆಳಗಿಳಿಯುವಂತೆ ರಾತ್ರಿಯಿಡೀ ನೇತುಹಾಕಿ. ಈ ಉಪಾಯ ನಡೆಯುವುದು ಕೆಲವು ವಾರ ಮಾತ್ರ. ಔಟರ್, ಅಂದರೆ ಕೇಬಲ್‌ನ ಹೊರಕವಚ, ಬಿರುಕು ಬಿಟ್ಟಿದ್ದರೆ, ಒಳಗಿನ ತಂತಿಯಲ್ಲಿ ತುಕ್ಕಿನ ಕೆಂಪು ಪುಡಿ ಕಂಡರೆ ಎಣ್ಣೆಗೆ ದುಡ್ಡು ಹಾಕಬೇಡಿ, ಕೇಬಲ್ ಬದಲಿಸಿ.

ಬೈಕಿನ ಕ್ಲಚ್ ಕೇಬಲ್ ತುರುಕಿದ ದೋಣಿಗಳನ್ನೂ ನೋಡಿದ್ದೇನೆ. ಅದರ ಹೆಣೆದ ತಂತಿ ಎಳೆಯುತ್ತದೆ, ತಳ್ಳುವುದಿಲ್ಲ. ಉಪ್ಪುಗಾಳಿಗೆ ಬೇಗ ತುಕ್ಕೂ ಹಿಡಿಯುತ್ತದೆ. ನಮಗೆ ಬೇಕಾಗಿರುವುದು ಎಳೆದು ತಳ್ಳುವ, ದೋಣಿಗೆಂದೇ ಮಾಡಿದ ಕೇಬಲ್. ಇಲ್ಲಿ ಉಳಿತಾಯ ನೋಡಬೇಡಿ.

ಹಳೆಯದನ್ನು ಕಿತ್ತುಹಾಕುವ ಮೊದಲು ಅದರ ತುದಿಗೆ ಗಟ್ಟಿ ದಾರ ಕಟ್ಟಿ ಟೇಪ್ ಸುತ್ತಿ. ಕೇಬಲ್ ಹೊರಬಂದ ದಾರಿಯಲ್ಲೇ ದಾರ ಉಳಿಯುತ್ತದೆ, ಹೊಸದನ್ನು ಅದರಿಂದಲೇ ಎಳೆದುಕೊಳ್ಳಬಹುದು. ಉದ್ದ ಹಳೆಯದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ತಿರುವುಗಳು ಅಗಲವಾಗಿ ಬರಲಿ. ಔಟರನ್ನು ಎಂಜಿನ್ ಹತ್ತಿರ ಕ್ಲಾಂಪ್‌ನಲ್ಲಿ ಗಟ್ಟಿಯಾಗಿ ಹಿಡಿಸಿ, ಅದು ಜಾರಿದರೆ ಎಳೆದದ್ದೆಲ್ಲಾ ವ್ಯರ್ಥ. ನಾಬ್ ಪೂರ್ತಿ ಒಳಗಿರುವಾಗ ಲಿವರ್ ರನ್ ಕಡೆ, ಅಂದರೆ ಎಂಜಿನ್ ಓಡುವ ಕಡೆ, ಕೊನೆಯವರೆಗೂ ಹೋಗಬೇಕು, ತಂತಿಯಲ್ಲಿ ಒಂದು ಚೂರು ಸಡಿಲ ಉಳಿಯಬೇಕು. ಪೂರ್ತಿ ಎಳೆದಾಗ ಸ್ಟಾಪ್ ಕಡೆ ಕೊನೆ ಮುಟ್ಟಬೇಕು.

ಕೇಬಲ್ ಸಮುದ್ರದಲ್ಲೇ ತುಂಡಾದರೆ ಎಂಜಿನ್ ಕವರ್ ತೆರೆದು, ಬೆಲ್ಟ್‌ಗೆ ಕೈ ಸಿಗದಂತೆ, ಆ ಲಿವರನ್ನು ಕೈಯಿಂದಲೇ ಒತ್ತಿ. ಅದು ಎಲ್ಲಿದೆ ಎಂದು ದೋಣಿ ಹತ್ತುವ ಎಲ್ಲರಿಗೂ ಮೊದಲೇ ತೋರಿಸಿಡಿ. ಲಿವರ್‌ಗೆ ಒಂದಿಷ್ಟು ಕೆಂಪು ಬಣ್ಣ ಬಳಿದರೆ ಕತ್ತಲಲ್ಲೂ ಟಾರ್ಚ್ ಹಾಕಿದರೆ ಕಾಣುತ್ತದೆ.