ಎಕ್ಸೋಮ್ ನಾರ್ಮಲ್ ಬಂದೇತಿ, ಮತ್ತ ಕೂಸಿಗೆ ಏನಾಗೇತ್ರಿ?

ಬೆಳಗಾವಿಯ ನನ್ನ ಓಪಿಡಿಗೆ ಗೋಕಾಕ, ಅಥಣಿ, ರಾಯಬಾಗ, ಆಚೆ ಜಮಖಂಡಿ, ಮುಧೋಳದ ಕಡೆಯಿಂದಲೂ ಕೂಸುಗಳನ್ನು ಕರೆತರುತ್ತಾರೆ. ಅವರಲ್ಲಿ ಹಲವರ ದೂರು ಒಂದೇ: ‘ಕೂಸು ಭಾಳ ಮೆತ್ತಗ ಐತ್ರಿ.’ ಎತ್ತಿಕೊಂಡರೆ ಕೈಯಿಂದ ಜಾರುವ ಹಾಗಿರುತ್ತದೆ, ಕುತ್ತಿಗೆ ನಿಂತಿರುವುದಿಲ್ಲ, ಮೊಲೆ ಚೀಪಲು ಬಲವಿರುವುದಿಲ್ಲ. ಈಚೆಗೆ ಇಂಥ ಕೂಸಿನ ಫೈಲಿನಲ್ಲಿ ಎಕ್ಸೋಮ್ ಎಂಬ ಜೀನ್ ಪರೀಕ್ಷೆಯ ರಿಪೋರ್ಟೂ ಇರುತ್ತದೆ, ಎಷ್ಟೋ ಸಲ ಸಾಲ ಮಾಡಿ ಮಾಡಿಸಿದ್ದು. ಅದರಲ್ಲಿ ‘ರೋಗಕ್ಕೆ ಕಾರಣವಾಗುವ ಬದಲಾವಣೆ ಕಂಡುಬಂದಿಲ್ಲ’ ಎಂದಿದ್ದರೆ ಮನೆಯವರು ‘ಜೀನ್‌ನ್ಯಾಗ ಏನೂ ತೊಂದರಿ ಇಲ್ಲ’ ಎಂದುಕೊಳ್ಳುತ್ತಾರೆ. ಕಳಿಸಿಕೊಟ್ಟ ವೈದ್ಯರಲ್ಲೂ ಕೆಲವರು ಹಾಗೇ ಓದಿರುತ್ತಾರೆ. ನನ್ನ ತಕರಾರು ಇರುವುದು ಈ ಓದಿನ ಬಗ್ಗೆ.

ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನಿಗೆ ಸೂಚನೆ ಕೊಡುವ ಭಾಗ ಅದರಲ್ಲಿ ನೂರಕ್ಕೆ ಒಂದೆರಡು ಮಾತ್ರ. ಎಕ್ಸೋಮ್ ಪರೀಕ್ಷೆ ಓದುವುದು ಅಷ್ಟನ್ನೇ. ಅದೂ ನೂರು, ನೂರೈವತ್ತು ಅಕ್ಷರಗಳ ತುಣುಕುಗಳಾಗಿ ಓದಿ, ಯಾವ ತುಣುಕು ಎಲ್ಲಿಯದು ಎಂದು ಕಂಪ್ಯೂಟರಿನಿಂದ ಹೊಂದಿಸಲಾಗುತ್ತದೆ. ಒಂದು ಅಕ್ಷರ ತಪ್ಪಿದ್ದರೆ ಹಿಡಿಯುವುದರಲ್ಲಿ ಇದು ಗಟ್ಟಿಗ. ಆದರೆ ಮೆತ್ತಗಿರುವ ಕೂಸಿನಲ್ಲಿ ನಾವು ಮೊದಲು ನೆನೆಯಬೇಕಾದ ಎರಡು ಕಾಯಿಲೆಗಳು ಈ ಓದಿಗೆ ಸಿಕ್ಕದೇ ಹೋಗಬಹುದು.

ಮೊದಲನೆಯದು ಎಸ್‌ಎಂಎ, ಅಂದರೆ ಬೆನ್ನುಹುರಿಯ ನರಕೋಶಗಳು ಸವೆಯುವ ಕಾಯಿಲೆ. ಈ ಕೂಸಿನ ಮೈ ಮೆತ್ತಗಿದ್ದರೂ ಮುಖ ಚುರುಕು. ಕಣ್ಣು ಅಮ್ಮನ ಹಿಂದೆಯೇ ಓಡಾಡುತ್ತದೆ, ಮಾತಾಡಿಸಿದರೆ ನಗುತ್ತದೆ. ಅಳದೆ ಸುಮ್ಮನಿದ್ದಾಗ ಬಾಯೊಳಗೆ ನೋಡಿದರೆ ನಾಲಿಗೆಯ ಮೇಲೆ ಸಣ್ಣ ಅದುರು ಕಾಣಬಹುದು. ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಹಾರುವುದಿಲ್ಲ. ಇಲ್ಲಿ ಕೆಟ್ಟಿರುವುದು ಎಸ್‌ಎಂಎನ್1 ಎಂಬ ಜೀನ್. ಪಕ್ಕದಲ್ಲೇ ಎಸ್‌ಎಂಎನ್2 ಎಂಬ ಅದರ ಜೋಡಿಯಿದೆ, ಎರಡೂ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಒಂದೇ. ಚಿಕ್ಕ ತುಣುಕುಗಳನ್ನು ಹೊಂದಿಸುವಾಗ ಯಾವುದು ಯಾರದ್ದೆಂದು ಗೊಂದಲವಾಗುತ್ತದೆ. ನೂರರಲ್ಲಿ ಸುಮಾರು 95 ರೋಗಿಗಳಲ್ಲಿ ಎಸ್‌ಎಂಎನ್1ರ ಏಳನೇ ತುಂಡು ಎರಡೂ ಕಡೆ ಇಲ್ಲವಾಗಿರುತ್ತದೆ. ಅದನ್ನು ಎಣಿಸಿ ಹೇಳುವ ಎಂಎಲ್‌ಪಿಎ ಪರೀಕ್ಷೆ ಎಕ್ಸೋಮ್‌ಗಿಂತ ಬಹಳ ಅಗ್ಗ.

ಎರಡನೆಯದು ಪ್ರಾಡರ್–ವಿಲ್ಲಿ. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಇದನ್ನು ವಿವರಿಸಿದರು. ಈ ಕೂಸು ಮೆತ್ತಗಿರುವುದಷ್ಟೇ ಅಲ್ಲ, ಸದಾ ನಿದ್ದೆಗಣ್ಣಿನಲ್ಲಿರುತ್ತದೆ. ಅಳು ಕ್ಷೀಣ, ಹಾಲಿಗೆ ಮೂಗಿನ ನಳಿಕೆ ಬೇಕಾಗುತ್ತದೆ, ಗಂಡುಕೂಸಾದರೆ ಹೆಚ್ಚಾಗಿ ವೃಷಣ ಕೆಳಗಿಳಿದಿರುವುದಿಲ್ಲ. ಹಾಲು ಕುಡಿಯದಿದ್ದ ಇದೇ ಮಗು ಮುಂದೆ ಕೆಲವೇ ವರ್ಷಗಳಲ್ಲಿ ತಡೆಯಲಾರದ ಹಸಿವಿಗೆ ಬಿದ್ದು ದಪ್ಪಗಾಗುತ್ತದೆ. ಮೊದಲೇ ಗೊತ್ತಾದರೆ ಊಟಕ್ಕೆ ಕಟ್ಟುನಿಟ್ಟು ತರಬಹುದು, ಬೆಳವಣಿಗೆಯ ಹಾರ್ಮೋನ್ ಕೊಡಬಹುದು.

ಇದರ ಮೂಲ 15ನೇ ಕ್ರೋಮೋಸೋಮಿನಲ್ಲಿದೆ. ಅಲ್ಲಿನ ಕೆಲವು ಜೀನ್‌ಗಳಲ್ಲಿ ಕೆಲಸ ಮಾಡುವುದು ಅಪ್ಪನಿಂದ ಬಂದ ಪ್ರತಿ ಮಾತ್ರ. ಅಮ್ಮನಿಂದ ಬಂದ ಪ್ರತಿಯ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಕೂತು ಅದನ್ನು ಸುಮ್ಮನಿರಿಸಿರುತ್ತದೆ. ಎಲ್ಲರಲ್ಲೂ ಹೀಗೇ. ಪ್ರಾಡರ್–ವಿಲ್ಲಿ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಯಲ್ಲಿ ಅಪ್ಪನ ಪ್ರತಿಯ ಆ ಭಾಗ ಕಳಚಿಹೋಗಿರುತ್ತದೆ. ಸುಮಾರು 25 ಮಂದಿಯಲ್ಲಿ ಎರಡೂ ಪ್ರತಿ ಅಮ್ಮನವೇ ಆಗಿರುತ್ತವೆ. ಈ 25ರ ಡಿಎನ್‌ಎಯಲ್ಲಿ ಒಂದಕ್ಷರವೂ ಕಡಿಮೆಯಿಲ್ಲ, ಒಂದಕ್ಷರವೂ ತಪ್ಪಿಲ್ಲ, ಮಗುವಿಗೆ ಕಾಯಿಲೆ ಮಾತ್ರ ಇದೆ. ಅದೇ ಜಾಗದಲ್ಲಿ ಅಮ್ಮನ ಪ್ರತಿ ಕಳಚಿದರೆ ಬೇರೆಯೇ ಕಾಯಿಲೆ: ಮಾತು ಬಾರದ, ಫಿಟ್ಸ್ ಬರುವ, ಕಾರಣವಿಲ್ಲದೆ ನಗುವ ಏಂಜಲ್‌ಮನ್ ಸಿಂಡ್ರೋಮ್.

ನೀರಾವರಿ ಹೊಲದವರಿಗೆ ಹೇಳುವಾಗ ನಾನು ಘಟಪ್ರಭಾ ಕಾಲುವೆಯನ್ನು ಕರೆತರುತ್ತೇನೆ. ಕಾಲುವೆಯ ಲೈನಿಂಗ್ ಎಲ್ಲೂ ಒಡೆದಿಲ್ಲ ಎಂದು ಎಂಜಿನಿಯರ್ ಬರೆದುಕೊಟ್ಟರೂ ಗೇಟು ಇಳಿಸಿದ್ದರೆ ಹೊಲಕ್ಕೆ ನೀರಿಲ್ಲ. ಎಕ್ಸೋಮ್ ನೋಡುವುದು ಲೈನಿಂಗ್. ಗೇಟು ನೋಡುವ ಪರೀಕ್ಷೆ ಬೇರೆ.

ಆ ಬೇರೆ ಪರೀಕ್ಷೆ ಹೇಗೆ ನಡೆಯುತ್ತದೆ? ಡಿಎನ್‌ಎಗೆ ಸೋಡಿಯಂ ಬೈಸಲ್ಫೈಟ್ ಹಾಕಿದರೆ ಮೀಥೈಲ್ ಗುರುತಿಲ್ಲದ ‘ಸಿ’ ಅಕ್ಷರ ಬದಲಾಗಿ ‘ಟಿ’ ಎಂದು ಓದಿಸಿಕೊಳ್ಳುತ್ತದೆ. ಗುರುತಿರುವ ‘ಸಿ’ ಹಾಗೇ ಉಳಿಯುತ್ತದೆ. ಕಣ್ಣಿಗೆ ಕಾಣದ ಗುರುತನ್ನು ಕಾಣುವ ಅಕ್ಷರವಾಗಿಸುವ ಈ ಉಪಾಯದಿಂದ ಡಿಎನ್‌ಎಯ ಸಾಲುಗಳನ್ನು ಓದುವ ವಿಧಾನ ಪ್ರಕಟವಾದದ್ದು 1992ರಲ್ಲಿ. ಇನ್ನೊಂದು ದಾರಿಯಲ್ಲಿ, ಗುರುತಿಲ್ಲದ ಕಡೆ ಮಾತ್ರ ಕತ್ತರಿಸುವ ಕಿಣ್ವವನ್ನು ಎಂಎಲ್‌ಪಿಎ ಜೊತೆ ಬಳಸುತ್ತಾರೆ. ಆರೋಗ್ಯವಂತ ಮಗುವಿನಲ್ಲಿ ಆ ಜಾಗದ ಮೀಥೈಲೇಷನ್ ಸುಮಾರು ಅರ್ಧ, ಪ್ರಾಡರ್–ವಿಲ್ಲಿಯಲ್ಲಿ ಪೂರ್ತಿ, ಇದೇ ಪರೀಕ್ಷೆಗೆ ಸಿಗುವ ಏಂಜಲ್‌ಮನ್ ಮಕ್ಕಳಲ್ಲಿ ಇಲ್ಲವೇ ಇಲ್ಲ. ಪ್ರಾಡರ್–ವಿಲ್ಲಿಯಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಕ್ಕಳು ಇದರಲ್ಲಿ ಸಿಗುತ್ತಾರೆ.

ನಮ್ಮ ಭಾಗದಲ್ಲಿ ಇದಕ್ಕೊಂದು ಮನೆಯ ತೊಡಕೂ ಇದೆ. ‘ಸೋದರಮಾವಗ ಕೊಟ್ಟೇವ್ರಿ, ಅದಕ್ಕ ಹಿಂಗಾತು’ ಎಂದು ಆಯಿ ಮೊದಲೇ ತೀರ್ಪು ಕೊಟ್ಟಿರುತ್ತಾಳೆ. ತಾಯಿ ತಲೆ ತಗ್ಗಿಸಿ ಕೂತಿರುತ್ತಾಳೆ. ಎಸ್‌ಎಂಎಯಂಥ ಕಾಯಿಲೆಗೆ ಅಪ್ಪ–ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು, ಆದ್ದರಿಂದ ಸಂಬಂಧದೊಳಗಿನ ಮದುವೆಯಲ್ಲಿ ಅದರ ಸಾಧ್ಯತೆ ಹೆಚ್ಚುತ್ತದೆ. ಸೋದರಮಾವ–ಸೊಸೆಯ ಮಗುವಿನಲ್ಲಿ ಸರಾಸರಿ ಎಂಟರಲ್ಲೊಂದು ಪಾಲು ಡಿಎನ್‌ಎ ಎರಡೂ ಕಡೆ ಒಂದೇ ಪೂರ್ವಜರಿಂದ ಬಂದಿರುತ್ತದೆ. ಅತ್ತೆ ಮಗ–ಮಾವನ ಮಗಳ ಮಗುವಿನಲ್ಲಿ ಹದಿನಾರರಲ್ಲೊಂದು. ಆದರೆ ಪ್ರಾಡರ್–ವಿಲ್ಲಿಗೂ ಮದುವೆಯ ಸಂಬಂಧಕ್ಕೂ ನಂಟಿಲ್ಲ. ಬಹುಪಾಲು ಕುಟುಂಬಗಳಲ್ಲಿ ಅದು ಮರುಕಳಿಸುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಎಸ್‌ಎಂಎಯಲ್ಲಿ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು. ನೋಡಲು ಒಂದೇ ಥರದ ಎರಡು ಕೂಸು, ಮುಂದಿನ ಬಸಿರಿಗೆ ಸಿಗುವ ಉತ್ತರದಲ್ಲಿ ಇಷ್ಟು ಅಂತರ. ವೈದ್ಯರೂ ‘ಸಂಬಂಧದ ಮದುವೆ’ ಎಂದು ಬರೆದುಕೊಂಡ ತಕ್ಷಣ ಬೇರೆ ಯೋಚನೆ ನಿಲ್ಲಿಸಿಬಿಡುವುದು ನನಗೆ ಸರಿಬರುವುದಿಲ್ಲ.

ಹಾಗೆ ನೋಡಿದರೆ ಇಂಥ ಮದುವೆಗಳು ವಿಜ್ಞಾನಕ್ಕೆ ಉಪಕಾರ ಮಾಡಿವೆ. ಮೂತ್ರ ಕಪ್ಪಾಗುವ ಅಲ್ಕಾಪ್ಟೊನೂರಿಯಾ ಇರುವ ಮಕ್ಕಳ ತಂದೆತಾಯಿ ಹೆಚ್ಚಾಗಿ ಹತ್ತಿರದ ರಕ್ತಸಂಬಂಧದವರು ಎಂಬುದನ್ನು ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲೇ ಬರೆದರು. ಮಗುವಿನಲ್ಲಿ ಎರಡೂ ಪ್ರತಿ ತದ್ರೂಪವಾಗಿರುವ ಉದ್ದನೆಯ ಪಟ್ಟಿಗಳನ್ನು ಮೈಕ್ರೋಅರೇ ಎಂಬ ಚಿಪ್ ಪರೀಕ್ಷೆಯಲ್ಲಿ ಗುರುತಿಸಿ, ರೋಗದ ಜೀನನ್ನು ಅಲ್ಲಿ ಹುಡುಕುವ ಕ್ರಮ ಇಂದಿಗೂ ನಡೆದಿದೆ.

ಎಕ್ಸೋಮ್ ಏನೋ ಸಿಕ್ಕಿದೆ ಎಂದಾಗಲೂ ಪೇಚಾಟ ತಪ್ಪದು. ‘ಅರ್ಥ ಅನಿಶ್ಚಿತ’ ಎಂಬ ಷರಾ ನಮ್ಮ ರೋಗಿಗಳ ರಿಪೋರ್ಟಿನಲ್ಲಿ ಪದೇ ಪದೇ ಬರುತ್ತದೆ, ಏಕೆಂದರೆ ಹೋಲಿಸಿ ನೋಡುವ ಜಾಗತಿಕ ದತ್ತಾಂಶದಲ್ಲಿ ನಮ್ಮವರು ಕಡಿಮೆ. 10,000 ಭಾರತೀಯರ ಜೀನೋಮ್ ಓದಲು ಹೊರಟ ಜೀನೋಮ್ ಇಂಡಿಯಾ ಯೋಜನೆಯ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ಇದರಿಂದ ಆ ಷರಾ ನಿಧಾನವಾಗಿ ಕಡಿಮೆಯಾಗಬೇಕು. ಕಬುಕಿ, ಸೋಟೋಸ್‌ನಂಥ ಕೆಲವು ಸಿಂಡ್ರೋಮ್‌ಗಳಲ್ಲಿ ರಕ್ತದ ಡಿಎನ್‌ಎಯ ಹಲವು ಕಡೆ ಮೀಥೈಲ್ ಗುರುತಿನ ವಿಶಿಷ್ಟ ನಮೂನೆ ಇರುತ್ತದೆ. ಅನಿಶ್ಚಿತ ಬದಲಾವಣೆ ನಿಜಕ್ಕೂ ತೊಂದರೆಯದೇ ಎಂದು ತೂಗಲು ಅದು ಸಾಕ್ಷಿಯಾಗುತ್ತದೆ.

ಅಕ್ಷರಗಳನ್ನಲ್ಲದೆ ಅವುಗಳ ಮೇಲಿನ ಇಂಥ ಗುರುತುಗಳನ್ನು ನೋಡುವ ವಿಜ್ಞಾನಕ್ಕೆ ಎಪಿಜೆನೆಟಿಕ್ಸ್ ಎನ್ನುತ್ತಾರೆ. ಅದರ ಹೆಸರಿನಲ್ಲಿ ‘ನಿಮ್ಮ ನಿಜವಾದ ವಯಸ್ಸು’ ಹೇಳುತ್ತೇವೆಂದು ಮಾರುವವರೂ ಹುಟ್ಟಿಕೊಂಡಿದ್ದಾರೆ. ದುಡ್ಡು ಉಳಿಸಿಕೊಳ್ಳಿ. ಮೀಥೈಲ್ ಗುರುತು ಅಂಗದಿಂದ ಅಂಗಕ್ಕೆ ಬೇರೆ; ರಕ್ತ ನೋಡಿ ಮಿದುಳಿನ ಬಗ್ಗೆ ಹೇಳುವಾಗ ಎಚ್ಚರ ಬೇಕು. ನೆಗಡಿ–ಜ್ವರ ಬಂದು ಬಿಳಿರಕ್ತಕಣಗಳ ಪ್ರಮಾಣ ಏರುಪೇರಾದರೂ ರಕ್ತದಲ್ಲಿ ಅಳೆದ ಮೀಥೈಲ್ ಗುರುತಿನ ಒಟ್ಟು ಅಂಕಿ ಬದಲಾಗುತ್ತದೆ. ಬೀಡಿ–ಸಿಗರೇಟ್ ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಎಂಬ ಜೀನಿನ ಮೇಲಿನ ಮೀಥೈಲ್ ಗುರುತು ಕಡಿಮೆಯಾಗುವುದು ಗಟ್ಟಿಯಾಗಿ ಸಾಬೀತಾಗಿದೆ, ನಿಜ. ಆದರೆ ಸೇದುವುದನ್ನು ಬಿಡಲು ಆ ಪರೀಕ್ಷೆ ಯಾಕೆ ಬೇಕು?

ರಕ್ತದ ಸ್ಯಾಂಪಲ್ ವಿಷಯ ಸಣ್ಣದಾದರೂ ನಮ್ಮಲ್ಲಿ ಹೆಚ್ಚು ಕೆಲಸ ಕೆಡುವುದು ಅಲ್ಲೇ. ಡಿಎನ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ಕ್ರೋಮೋಸೋಮ್ ಎಣಿಸುವ ಕ್ಯಾರಿಯೋಟೈಪಿಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು. ಎರಡನೆಯದರಲ್ಲಿ ಜೀವಕೋಶ ಬದುಕಿರಬೇಕು, ಲ್ಯಾಬಿನಲ್ಲಿ ಸುಮಾರು ಮೂರು ದಿನ ಬೆಳೆಸಬೇಕು. ಅದನ್ನು ಐಸಿನ ಮೇಲೆ ನೇರವಾಗಿಟ್ಟು ಹೆಪ್ಪುಗಟ್ಟಿಸಿದರೆ ಮುಗಿಯಿತು.

ಕೂಸಿನ ಸ್ಥಿತಿ ಗಂಭೀರವಿದ್ದು ರೋಗದ ಹೆಸರು ಇನ್ನೂ ಗೊತ್ತಾಗಿಲ್ಲ ಎಂದಾಗ ತಾಲ್ಲೂಕಿನ ವೈದ್ಯಮಿತ್ರರಿಗೆ ನನ್ನದೊಂದೇ ಕೋರಿಕೆ: ತಂದೆತಾಯಿಯ ಒಪ್ಪಿಗೆ ಪಡೆದು ನೇರಳೆ ಟ್ಯೂಬಿನಲ್ಲಿ ಎರಡು ಎಂಎಲ್ ರಕ್ತ ತೆಗೆದು ಫ್ರಿಜ್‌ನಲ್ಲಿಡಿ, ಬೇಗ ಲ್ಯಾಬಿಗೆ ಕಳಿಸಿ ಡಿಎನ್‌ಎ ತೆಗೆಸಿಡಿ. ಹಾಗೆ ತೆಗೆದ ಡಿಎನ್‌ಎ ವರ್ಷಗಟ್ಟಲೆ ಉಳಿಯುತ್ತದೆ. ಮೀಥೈಲ್ ಗುರುತು ಡಿಎನ್‌ಎಗೇ ಅಂಟಿಕೊಂಡಿರುವುದರಿಂದ ಅದೂ ಉಳಿಯುತ್ತದೆ. ಆದರೆ ಪಿಸಿಆರ್‌ನಲ್ಲಿ ನಕಲು ಮಾಡಿದ ಡಿಎನ್‌ಎಯಲ್ಲಿ ಆ ಗುರುತು ಇರುವುದಿಲ್ಲ, ಹಾಗಾಗಿ ಮೂಲವನ್ನೇ ಇಡಬೇಕು. ಎರಡು ವರ್ಷ ಬಿಟ್ಟು ಆ ತಾಯಿ ಮತ್ತೆ ಬಸುರಾಗಿ ಬಂದಾಗ ಹನ್ನೊಂದನೇ ವಾರದಲ್ಲಿ ಮಾಸಿನ ಚೂರು ತೆಗೆದು ಮಾಡುವ ಪರೀಕ್ಷೆಯಲ್ಲಿ ಏನನ್ನು ಹುಡುಕಬೇಕೆಂದು ಹೇಳಬಲ್ಲದ್ದು ಆ ಟ್ಯೂಬು ಮಾತ್ರ.